ಬಣ್ಣದ ಅಕ್ಕಿಯ ವೀಡಿಯೋ: ಮನೆಯ ಗುಂಪಿನಲ್ಲಿ ಒಂದು ಜಟಾಪಟಿ

ದೊಡ್ಡಪ್ಪ (ಶಾಮನೂರು): [ವೀಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ] ಎಲ್ಲರೂ ತಪ್ಪದೆ ನೋಡಿ. ಕಿವಿ ಕೇಳದ ಮಗುವನ್ನು ಬಣ್ಣದ ಅಕ್ಕಿಯಲ್ಲಿ ಆಡಲು ಬಿಟ್ಟರೆ ಸಾಕು, ಮಾತು ತಾನಾಗಿ ಬರುತ್ತದಂತೆ. ಕಿವಿಗೆ ಹಾಕುವ ಮಷಿನ್ ಗಿಷಿನ್ ಏನೂ ಬೇಕಿಲ್ಲ. ನಮ್ಮ ಪುಟ್ಟಿಗೂ ಮಾಡಿ.

ಅತ್ತೆ (ಹರಿಹರ): ತಿನ್ನುವ ಅಕ್ಕಿಗೆ ಬಣ್ಣ ಹಾಕಿ ಚೆಲ್ಲುವುದೇ? ಅನ್ನಪೂರ್ಣೇಶ್ವರಿ ಮೆಚ್ಚುತ್ತಾಳೆಯೇ?

ನಾನು: ದೊಡ್ಡಪ್ಪ, ಆಟ ಒಳ್ಳೆಯದೇ. ಆದರೆ "ಬಿಟ್ಟರೆ ಸಾಕು" ಎನ್ನುವುದೂ ಸುಳ್ಳು, "ಮಷಿನ್ ಬೇಡ" ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ಅಕ್ಕಿ ಮಾತು ಕಲಿಸುವುದಿಲ್ಲ, ಎದುರಿಗೆ ಕುಳಿತವರು ಕಲಿಸುತ್ತಾರೆ. ಪುಟ್ಟಿಯ ಮುಂದೆ ತಟ್ಟೆ ಇಟ್ಟು ನಾವು ಮೊಬೈಲ್ ಹಿಡಿದರೆ ಅವಳಿಗೆ ಸಿಗುವುದು ಅಕ್ಕಿ ಮಾತ್ರ.

ದೊಡ್ಡಪ್ಪ: ನಿಮ್ಮ ಅಪ್ಪನೂ ಮೂರು ವರ್ಷದವರೆಗೆ ತುಟಿ ಬಿಚ್ಚಿರಲಿಲ್ಲ. ಈಗ ಎಪಿಎಂಸಿಯಲ್ಲಿ ಅವನ ಬಾಯಿ ಮುಚ್ಚಿಸುವವರು ಯಾರಿದ್ದಾರೆ? ಕಾಯಬೇಕಮ್ಮ.

ನಾನು: ಅಪ್ಪನಿಗೆ ಕಿವಿ ಕೇಳುತ್ತಿತ್ತು. ಅವರು ಸುಮ್ಮನಿದ್ದರೂ ಅಜ್ಜಿಯ ಬೈಗುಳ, ಕಟ್ಟೆಯ ಹರಟೆ, ಎಲ್ಲವೂ ಒಳಗೆ ಇಳಿಯುತ್ತಿದ್ದವು. ಪುಟ್ಟಿಗೆ ಹಾಗೆ ಹಾದುಹೋಗುವ ಮಾತು ಸಿಗುವುದಿಲ್ಲ, ಹತ್ತಿರ ಕುಳಿತು ಕೊಟ್ಟರೆ ಮಾತ್ರ ಉಂಟು. ಕಾಯುವ ಮಾತನ್ನಂತೂ ಆಡಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರರೊಳಗೆ ದೋಷ ಖಚಿತ, ಆರರೊಳಗೆ ಮಷಿನ್ ಮತ್ತು ತರಬೇತಿ ಎಂಬುದು ತಜ್ಞರ ಲೆಕ್ಕ. ಆರು ತಿಂಗಳೊಳಗೆ ದೋಷ ಗೊತ್ತಾದ ಮಕ್ಕಳ ಭಾಷೆ, ತಡವಾಗಿ ಗೊತ್ತಾದವರಿಗಿಂತ ಚೆನ್ನಾಗಿರುತ್ತದೆ ಎಂದು ಅಮೆರಿಕದ ಕೊಲರಾಡೊದ ಅಧ್ಯಯನವೊಂದು 1998ರಲ್ಲೇ ತೋರಿಸಿದೆ.

ಅಣ್ಣ (ಬೆಂಗಳೂರು): ಹಾಗಿದ್ದರೆ ಆಟವೇಕೆ? ಚಿತ್ರದ ಚಾರ್ಟ್ ಹಿಡಿದು ಹಸು, ಮನೆ, ಸೇಬು ಎಂದು ಹೇಳಿಕೊಟ್ಟರೆ ಆಯಿತಲ್ಲ.

ನಾನು: ಚಾರ್ಟಿನಲ್ಲಿ ಸಿಗುವುದು ಬರೀ ಹೆಸರುಗಳು. "ಸುರಿ", "ತುಂಬಿತು", "ಖಾಲಿ", "ಇನ್ನೂ ಬೇಕಾ?", "ಅಯ್ಯೋ, ಚೆಲ್ಲಿತು!" ಇವನ್ನು ಯಾವ ಚಿತ್ರ ತೋರಿಸುತ್ತದೆ? ನಮ್ಮ ಮನೆಯಲ್ಲಿ ಅಕ್ಕಿ ಬೇಡವೇ ಬೇಡ. ದಾವಣಗೆರೆಯಲ್ಲಿ ಮಂಡಕ್ಕಿಗೇನು ಬರ? ಬಟ್ಟಲಿನಲ್ಲಿ ಮಂಡಕ್ಕಿ, ಎರಡು ಲೋಟ, ಪಕ್ಕದಲ್ಲಿ ಸ್ವಲ್ಪ ನೀರು. ಅವಳು ಮುಷ್ಟಿ ಹಿಡಿದಾಗ "ಗರಿಗರಿ", ಊದಿದಾಗ "ಹಾರಿತು, ಎಷ್ಟು ಹಗುರ!" ಎನ್ನುತ್ತೇವೆ. ನೀರು ಬಿದ್ದರೆ ಅದೇ ಮಂಡಕ್ಕಿ "ಮೆತ್ತಗಾಯಿತು, ಅಂಟುತ್ತದೆ". ಕೈಗೆ ತಾಗುವುದು ಮತ್ತು ಕಿವಿಗೆ ಬೀಳುವುದು ಒಂದೇ ಹೊತ್ತಿಗೆ ಆಗಬೇಕು. ಲೋಟ ಬಚ್ಚಿಟ್ಟು, ತೋರಿಸುವ ಮೊದಲು ಮಾತಿನಲ್ಲೇ "ಲೋಟ ಎಲ್ಲಿ?" ಎನ್ನುತ್ತೇನೆ. ಆಮೇಲೆ ತೋರಿಸಿ ಇನ್ನೊಮ್ಮೆ ಹೇಳುತ್ತೇನೆ. ಅವಳು "ಆಕು" ಎಂದರೆ "ಹೌದು, ಲೋಟಕ್ಕೆ ಹಾಕು" ಎಂದು ಬೆಳೆಸಿ ಕೊಡಬೇಕು. "ಹೇಳು, ಹೇಳು" ಎಂದು ಪೀಡಿಸಬಾರದು. ಕೇಳಿ ಸುಮ್ಮನಾಗಬೇಕು, ಆ ಮೌನದಲ್ಲಿ ಅವಳ ಸರದಿ ಇರುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಕಷ್ಟದ ಕೆಲಸ, ಯಾರ ಹೆಸರನ್ನೂ ಹೇಳುವುದಿಲ್ಲ.

ಅತ್ತೆ: ನನ್ನ ಹೆಸರನ್ನೇ ಹೇಳಿದ ಹಾಗಾಯಿತು.

ಚಿಕ್ಕಮ್ಮ (ಚಿತ್ರದುರ್ಗ): ಬಟ್ಟಲು ಸ್ಟೀಲಿನದಾ? ಅದರ ಖಣಖಣ ಮಷಿನ್‌ನೊಳಗೂ ಜೋರಾಗಿಯೇ ಹೋಗುತ್ತದೆ, ನಿನ್ನ ಮಾತು ಅದರಲ್ಲಿ ಮುಳುಗುತ್ತದೆ. ಕೆಳಗೆ ಟವಲ್ ಹಾಸು. ಟಿವಿ, ಮಿಕ್ಸಿ ನಿಲ್ಲಿಸು. ಇನ್ನೊಂದು ವಿಷಯ: ಬರೀ ಕಿವಿಯನ್ನೇ ಏಕೆ ನಂಬುತ್ತೀಯ? ಸನ್ನೆಯೂ ಭಾಷೆಯೇ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷೆಗೆಂದೇ ಕೇಂದ್ರ ಶುರುವಾಗಿದೆ.

ದೊಡ್ಡಪ್ಪ: ಸನ್ನೆ ಕಲಿತರೆ ಮಾತು ನಿಂತೇಹೋಗುತ್ತದೆ!

ಚಿಕ್ಕಮ್ಮ: ಅದು ಹಳೆಯ ಭಯ, ಭಾವ. ಸನ್ನೆ ಮಾಡಿದರೆ ಮಾತು ಕುಂಠಿತವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಅದಕ್ಕೂ ರೀತಿ ಇದೆ. ಮಗುವಿನ ಕಣ್ಣು ಮಂಡಕ್ಕಿಯ ಮೇಲಿದ್ದರೆ ನಿಮ್ಮ ಕೈಯನ್ನು ನೋಡುವುದು ಯಾವಾಗ? ಅದು ತಲೆ ಎತ್ತುವವರೆಗೆ ತಾಳಬೇಕು.

ನಾನು: ಸನ್ನೆಗೆ ನಾನು ಬೇಡ ಎಂದಿಲ್ಲ ಚಿಕ್ಕಮ್ಮ. ನೀರಾಟಕ್ಕೆ ಮಷಿನ್ ಬಿಚ್ಚುವಾಗ ಸನ್ನೆಯೇ ದಿಕ್ಕು. ಮುಖ್ಯವಾಗಿ ಭಾಷೆ ಇಲ್ಲದ ಹೊತ್ತು ಇರಬಾರದು.

ಅತ್ತೆ: ಮಂಡಕ್ಕಿ ಮೂಗಿಗೆ ತುರುಕಿಕೊಂಡರೆ?

ನಾನು: ಅದಕ್ಕೇ ಯಾರಾದರೂ ಪಕ್ಕದಲ್ಲಿ ಕೂರಬೇಕು. ಮೂಗಿಗೆ, ಕಿವಿಗೆ ಹೋಗುವಂಥ ಸಣ್ಣ ಕಾಳು, ಮಣಿ ಏನೂ ಬೇಡ. ನಾನು ಇನ್ನೂ ಹೆದರುವುದು ಮಷಿನ್‌ನ ಪುಟ್ಟ ಗುಂಡಗಿನ ಸೆಲ್‌ಗೆ. ನುಂಗಿದರೆ ಬಹಳ ಅಪಾಯ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಅಣ್ಣ: ಸರಿ, ಇದೆಲ್ಲ ಎಲ್ಲಿ ಕಲಿತೆ?

ನಾನು: ಮೈಸೂರಿನ ಆಯಿಷ್‌ನಲ್ಲಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಷಿನ್ ಸರಿಯಾಗಿ ಹಾಕಿದ್ದೇವೆಯೇ ಎಂದು ಪ್ರತಿ ಬೆಳಿಗ್ಗೆ ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳಿಂದ ಪರೀಕ್ಷಿಸುವುದನ್ನು ಕಲಿಸಿದ್ದೂ ಅಲ್ಲಿಯೇ. ಅದಾದ ಮೇಲೆಯೇ ಮಂಡಕ್ಕಿ.

ದೊಡ್ಡಪ್ಪ: ಹಾಗಾದರೆ ವೀಡಿಯೋ ಅಳಿಸಬೇಕೇ? ಅದನ್ನು ವಾಕಿಂಗ್ ಗುಂಪಿಗೂ ಬೀಗರ ಗುಂಪಿಗೂ ಆಗಲೇ ಕಳುಹಿಸಿದ್ದೇನೆ.

ನಾನು: ಎಲ್ಲೆಡೆ ಅಳಿಸಿ. ಯಾರಾದರೂ ಮಗುವಿನ ಮಷಿನ್ ಬಿಚ್ಚಿಟ್ಟುಬಿಟ್ಟಾರು. ನಾನು ಬರೆದದ್ದನ್ನು ಕಳುಹಿಸಿ.

ದೊಡ್ಡಪ್ಪ: ಇಷ್ಟುದ್ದವನ್ನು ಬೀಗರು ಓದುವುದಿಲ್ಲ. ಮಂಡಕ್ಕಿಯ ಭಾಗ ಮಾತ್ರ ಕಳುಹಿಸುತ್ತೇನೆ.

ನಾನು: ಮೊದಲು ಮಷಿನ್‌ನ ಸಾಲು, ಆಮೇಲೆ ಮಂಡಕ್ಕಿ!