ವಿಜ್ಞಾನ ಓದುವ ಹುಡುಗಿಯರಿಗೆ ಹತ್ತಿರದ ಮಾದರಿಗಳು ಬೇಕು: ಮಾಡಿ ನೋಡಿದವರ ಅನುಭವ ಹಂಚಿಕೆ

ಕೋರಿಕೆ: ಪ್ರೌಢಶಾಲಾ ಶಿಕ್ಷಕ, ಹೊಸದುರ್ಗ ತಾಲ್ಲೂಕು

ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆಯುವವರಲ್ಲಿ ಹುಡುಗಿಯರೇ ಹೆಚ್ಚು. ಆದರೆ ಪಿಯು ವಿಜ್ಞಾನ ವಿಭಾಗಕ್ಕೆ ಸೇರಿದವರ ಹೆಸರು ವಿಚಾರಿಸಿದಾಗ ಆ ಹುಡುಗಿಯರು ಸಿಗುವುದಿಲ್ಲ. ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ನ್ಯೂಟನ್, ಐನ್‌ಸ್ಟೈನ್, ಸಿ.ವಿ. ರಾಮನ್, ವಿಶ್ವೇಶ್ವರಯ್ಯ, ಕಲಾಂ ಇದ್ದಾರೆ. ಮಹಿಳೆಯೆಂದರೆ ಮೇರಿ ಕ್ಯೂರಿ ಒಬ್ಬರೇ. ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಇದಕ್ಕೆ ಏನಾದರೂ ಮಾಡಬೇಕೆಂದಿದ್ದೇನೆ. ಚಿತ್ರಪಟಗಳನ್ನು ಹಾಕಿದರೆ ಸಾಕೇ, ಯಾರನ್ನಾದರೂ ಕರೆಸಬೇಕೇ, ಕರೆಸುವುದಾದರೆ ಎಂಥವರನ್ನು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಮುಖ್ಯ ಶಿಕ್ಷಕಿ, ಚಿತ್ರದುರ್ಗ

ಚಿತ್ರಪಟ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕೆಳಗೆ ಹೆಸರು ಮತ್ತು ಇಸವಿ ಮಾತ್ರ ಬರೆದಿದ್ದರೆ ಮಕ್ಕಳು ಎರಡನೆಯ ಸಲ ತಲೆಯೆತ್ತಿ ನೋಡುವುದಿಲ್ಲ. ಆ ವ್ಯಕ್ತಿ ಮಾಡಿದ ಕೆಲಸ ಮಕ್ಕಳು ದಿನವೂ ಕಾಣುವ ಯಾವುದಾದರೂ ವಸ್ತುವಿಗೆ ತಾಗಬೇಕು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ದುರ್ಗದ ಮಕ್ಕಳು ಬುದ್ಧಿ ಬಂದಾಗಿನಿಂದ ನೋಡುತ್ತಿದ್ದಾರೆ. ಅಂಥ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಬೇಕಾದರೆ ಮೊದಲು ಆ ಜಾಗದ ಗಾಳಿಯ ವೇಗವನ್ನು ದೀರ್ಘಕಾಲ ಅಳೆದಿರಬೇಕು. ದೇಶದ ಗಾಳಿಯ ಅಂಥ ಅಂಕಿಅಂಶಗಳನ್ನು ಕಲೆಹಾಕಿಸಿ 1983ರಲ್ಲಿ ಗ್ರಂಥವಾಗಿ ಹೊರತಂದವರು ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಸಂಶೋಧನೆ ನಡೆಸಿದರು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಅವರು ಹವಾಮಾನ ಇಲಾಖೆಯನ್ನು ಸೇರಿ, ಹೊರದೇಶದಿಂದ ತರಿಸುತ್ತಿದ್ದ ಅಳತೆಯ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಕೆಲಸವನ್ನು ಹೊತ್ತುಕೊಂಡರು. ಈ ವಿಷಯವನ್ನು ಗಾಳಿಯಂತ್ರ ಕಾಣುವ ಕಿಟಕಿಯ ಪಕ್ಕದಲ್ಲಿ ನಿಂತು ಹೇಳಿದಾಗ ಮಕ್ಕಳಿಂದ ಬಂದ ಮೊದಲ ಪ್ರಶ್ನೆ ಗಾಳಿಯನ್ನು ಅಳೆಯುವುದು ಹೇಗೆ ಎಂಬುದಾಗಿತ್ತೇ ಹೊರತು ಹೆಂಗಸರೂ ವಿಜ್ಞಾನಿಗಳಾಗುತ್ತಾರೆಯೇ ಎಂಬುದಾಗಿರಲಿಲ್ಲ. ನನಗೆ ಬೇಕಾಗಿದ್ದುದೂ ಅದೇ.

ಇನ್ನೊಂದು ಕಥೆ ಕಮಲಾ ಸೊಹೋನಿಯವರದು. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಮೊದಲಿಗರಾಗಿ ಬಿ.ಎಸ್ಸಿ. ಮುಗಿಸಿ ಬಂದ ಅವರನ್ನು ಹೆಣ್ಣೆಂಬ ಕಾರಣಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿಸಿಕೊಳ್ಳಲು ರಾಮನ್ ಒಪ್ಪಲಿಲ್ಲ. ಅವರು ಪಟ್ಟು ಹಿಡಿದು ಕುಳಿತ ಮೇಲೆ, ಮೊದಲ ವರ್ಷ ಪರೀಕ್ಷಾರ್ಥವೆಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಬಹಳ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಮಕ್ಕಳ ಮನಸ್ಸಿನಲ್ಲಿ ಬಾಗಿಲು ಮುಚ್ಚಿದ್ದಷ್ಟೇ ಉಳಿಯುತ್ತದೆ. ಮುಂದೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದದ್ದನ್ನೂ, ಸಸ್ಯಗಳ ಉಸಿರಾಟದಲ್ಲಿ ಪಾತ್ರ ವಹಿಸುವ ಸೈಟೋಕ್ರೋಮ್ ಸಿ ಎಂಬ ವಸ್ತುವನ್ನು ಆಲೂಗಡ್ಡೆಯ ಅಧ್ಯಯನದಿಂದ ಹೊರಟು ಗುರುತಿಸಿದ್ದನ್ನೂ, ಊರಿಗೆ ಮರಳಿ, ಈಚಲಿನಂಥ ಮರಗಳಿಂದ ಇಳಿಸುವ ‘ನೀರಾ’ ಎಂಬ ಪಾನೀಯದ ಪೌಷ್ಟಿಕಾಂಶಗಳ ಮೇಲೆ ಕೆಲಸ ಮಾಡಿದ್ದನ್ನೂ ಹೇಳಬೇಕು. ಈಚಲು ಮರ ಕಂಡಿರುವ ನಮ್ಮ ಮಕ್ಕಳಿಗೆ ನೀರಾ ಹೊಸದೇನಲ್ಲ.

ಒಂದು ಮಾತು ಸೇರಿಸುತ್ತೇನೆ, ಯಾರೂ ಬೇಸರಿಸಬಾರದು. ನಮ್ಮಲ್ಲಿ ಹೆಣ್ಣುಮಕ್ಕಳ ಕಾರ್ಯಕ್ರಮವೆಂದರೆ ಭಾಷಣಗಳು ಒನಕೆ ಓಬವ್ವನಿಂದ ಆರಂಭವಾಗಿ ಓಬವ್ವನಲ್ಲಿಯೇ ಮುಗಿಯುತ್ತವೆ. ಆ ತಾಯಿಯ ಮೇಲೆ ನನಗೂ ಅಷ್ಟೇ ಅಭಿಮಾನವಿದೆ. ಆದರೆ ಕಲೆ ತೆಗೆದುಕೊಳ್ಳಲೋ ವಿಜ್ಞಾನ ತೆಗೆದುಕೊಳ್ಳಲೋ ಎಂದು ತೊಳಲಾಡುತ್ತಿರುವ ಹುಡುಗಿಗೆ ಕೋಟೆಯ ಕಿಂಡಿ ಕಾಯ್ದವಳ ಕಥೆಯಿಂದ ಪಿಯು ಅರ್ಜಿ ತುಂಬುವ ದಾರಿ ತಿಳಿಯುವುದಿಲ್ಲ.

ವಿದ್ಯುತ್ ವಿತರಣೆ ಕ್ಷೇತ್ರದ ಎಂಜಿನಿಯರ್, ದಾವಣಗೆರೆ

ನನ್ನನ್ನು ಆಗಾಗ ಶಾಲೆಗಳಿಗೆ ಕರೆಯುತ್ತಾರೆ, ಹಾಗಾಗಿ ಕರೆಸಿಕೊಂಡವಳ ಕಡೆಯಿಂದ ಬರೆಯುತ್ತಿದ್ದೇನೆ. ಒಂದು ಶಾಲೆಯಲ್ಲಿ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಗಣ್ಯರ ಮಾತು ಇವೆಲ್ಲ ಮುಗಿಯುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಅಲ್ಲಿ ಪೂರ್ಣಕುಂಭ ಹಿಡಿದು ನಿಂತವರು, ಪ್ರಾರ್ಥನೆ ಹಾಡಿದವರು, ತಟ್ಟೆಯಲ್ಲಿ ನೀರು ತಂದುಕೊಟ್ಟವರು ಎಲ್ಲರೂ ಹುಡುಗಿಯರು; ಮೈಕು ಜೋಡಿಸಿದವರು, ಪ್ರೊಜೆಕ್ಟರ್ ಸರಿಪಡಿಸಿದವರು ಹುಡುಗರು. ಎಂಜಿನಿಯರ್ ಹೆಂಗಸೊಬ್ಬಳನ್ನು ವೇದಿಕೆಯ ಮೇಲೆ ಕೂರಿಸಿದ್ದರಿಂದ ಆ ಸಭಾಂಗಣದಲ್ಲಿ ಏನೂ ಬದಲಾಗಿರಲಿಲ್ಲ.

ಆಮೇಲೆ ನಾನು ಕರೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸನ್ಮಾನ ಬೇಡ, ತರಗತಿಯೊಳಗೆ ಬರುತ್ತೇನೆ, ಶಿಕ್ಷಕರು ಅರ್ಧ ಹೊತ್ತು ಹೊರಗಿರಲಿ. ಆಗ ನಿಜವಾದ ಪ್ರಶ್ನೆಗಳು ಬರುತ್ತವೆ. ಸಂಬಳ ಎಷ್ಟು, ಕಂಬ ಹತ್ತಬೇಕಾಗುತ್ತದೆಯೇ, ಮಳೆ ಬಂದು ರಾತ್ರಿ ಲೈನು ಹೋದರೆ ನೀವೇ ಹೋಗುತ್ತೀರಾ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಲೈನ್‌ಮನ್‌ಗಳು ನಿಮ್ಮ ಮಾತು ಕೇಳುತ್ತಾರೆಯೇ ಎಂದೆಲ್ಲ ಕೇಳುತ್ತಾರೆ. ನಾನು ಎಲ್ಲಕ್ಕೂ ಉತ್ತರಿಸುತ್ತೇನೆ, ಸಂಬಳದ ಪ್ರಶ್ನೆಗೆ ಸಹ. ನಾನು ಮೊದಲು ಡಿಪ್ಲೊಮಾ ಮಾಡಿ, ಬಳಿಕ ಡಿಪ್ಲೊಮಾ ಆದವರಿಗೆಂದೇ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದವಳು. ಈ ದಾರಿಯೊಂದಿದೆ ಎಂಬುದೇ ಅನೇಕ ಮಕ್ಕಳಿಗೆ ಗೊತ್ತಿರುವುದಿಲ್ಲ, ಅದನ್ನು ಕೇಳಿದಾಗ ಅವರ ಮುಖದಲ್ಲಿ ಕಾಣುವ ಆಸಕ್ತಿ ನನ್ನ ಹುದ್ದೆಯ ಹೆಸರು ಕೇಳಿದಾಗ ಕಾಣುವುದಿಲ್ಲ. ದೊಡ್ಡ ವಿಜ್ಞಾನಿಯನ್ನು ಹುಡುಕುತ್ತ ಕೂರಬೇಡಿ, ಸರ್. ನಿಮ್ಮದೇ ಶಾಲೆಯಲ್ಲಿ ಓದಿ ಈಗ ನರ್ಸಿಂಗನ್ನೋ ಬಿ.ಎಸ್ಸಿ. ಕೃಷಿಯನ್ನೋ ಓದುತ್ತಿರುವ ಹುಡುಗಿಯಿದ್ದರೆ ಅವಳನ್ನು ಕರೆಸಿ. ಒಂದೇ ಸಲ ಬಂದು ಹೋಗುವವರಿಂದ ಪ್ರಯೋಜನ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಗ್ರಾಮ ಪಂಚಾಯಿತಿ ಮಾಜಿ ಅಧ್ಯಕ್ಷೆ, ಜಗಳೂರು ತಾಲ್ಲೂಕು

ನಾನು ಹೆಚ್ಚು ಓದಿದವಳಲ್ಲ, ಆದರೆ ಮಗಳನ್ನು ವಿಜ್ಞಾನಕ್ಕೆ ಸೇರಿಸಿದ್ದೇನೆ. ಮಕ್ಕಳಿಗೆ ಎಷ್ಟು ಉತ್ಸಾಹ ತುಂಬಿದರೂ ತೀರ್ಮಾನವಾಗುವುದು ಮನೆಯಲ್ಲಿ. ನಮ್ಮ ಹೋಬಳಿಯ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿಲ್ಲ. ವಿಜ್ಞಾನ ಓದಿಸಬೇಕೆಂದರೆ ದಾವಣಗೆರೆಗೆ ಕಳುಹಿಸಬೇಕು, ಇಲ್ಲವೇ ಹಾಸ್ಟೆಲಿನಲ್ಲಿ ಬಿಡಬೇಕು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವೆಂಬುದು ನಿಜ, ಆದರೆ ನಮ್ಮ ಕಡೆಯ ಹಳ್ಳಿಗಳಿಗೆ ಓಡಾಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಸಂಜೆ ಪ್ರಾಕ್ಟಿಕಲ್ ಮುಗಿಸಿ ಹೊರಟ ಹುಡುಗಿ ಊರು ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಆದ್ದರಿಂದ ಅತಿಥಿಯನ್ನು ಕರೆಸುವ ದಿನವೇ ತಾಯಂದಿರನ್ನೂ ಕರೆಸಿ, ಅವರ ಪ್ರಶ್ನೆಗಳಿಗೂ ಹೊತ್ತು ಕೊಡಿ.

ನಾನು ಅಧ್ಯಕ್ಷೆಯಾದ ಹೊಸದರಲ್ಲಿ ಕಚೇರಿಗೆ ಬಂದವರು ನನ್ನ ಎದುರಿಗೇ ಕುಳಿತು ‘ಯಜಮಾನರು ಎಲ್ಲಿ’ ಎಂದು ಕೇಳುತ್ತಿದ್ದರು. ದಿನ ಕಳೆದಂತೆ ಆ ಪ್ರಶ್ನೆ ನಿಂತಿತು. ಮಕ್ಕಳೂ ಇದನ್ನು ನೋಡುತ್ತಿದ್ದರೆಂದು ನನಗೆ ಗೊತ್ತಾದದ್ದು, ಶಾಲೆಯ ಹುಡುಗಿಯರು ಶೌಚಾಲಯ ದುರಸ್ತಿಗೆ ಅರ್ಜಿ ಬರೆದುಕೊಂಡು ನೇರವಾಗಿ ನನ್ನ ಬಳಿಗೇ ಬಂದಾಗ.

ಪದವಿ ಕಾಲೇಜಿನ ಉಪನ್ಯಾಸಕಿ, ದಾವಣಗೆರೆ

ಅಧ್ಯಕ್ಷೆಯವರು ಹೇಳಿದ್ದಕ್ಕೆ ಸಂಶೋಧನೆಯ ಬೆಂಬಲವಿದೆ. ಪಶ್ಚಿಮ ಬಂಗಾಳದಲ್ಲಿ ಪಂಚಾಯಿತಿ ಮುಖ್ಯಸ್ಥರ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟ ಹಳ್ಳಿಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೀಸಲಾತಿ ಎರಡು ಅವಧಿಗೆ ಬಂದಿದ್ದ ಊರುಗಳಲ್ಲಿ ಗಂಡುಮಕ್ಕಳ ಮತ್ತು ಹೆಣ್ಣುಮಕ್ಕಳ ಭವಿಷ್ಯದ ಬಗ್ಗೆ ತಂದೆತಾಯಿಗಳಿಗಿದ್ದ ನಿರೀಕ್ಷೆಯ ಅಂತರ ಶೇ 25ರಷ್ಟು, ಮಕ್ಕಳಲ್ಲೇ ಇದ್ದ ಅಂತರ ಶೇ 32ರಷ್ಟು ತಗ್ಗಿತ್ತು. ಕಣ್ಣೆದುರು ಅಧಿಕಾರ ನಡೆಸುವ ಹೆಂಗಸನ್ನು ಕಂಡದ್ದೇ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ತೀರ್ಮಾನಿಸಿದರು.

ಆದರೆ ಒಂದೇ ಭೇಟಿಯಿಂದ ಪ್ರಯೋಜನ ಕಡಿಮೆ ಎಂಬ ಎಂಜಿನಿಯರ್ ಮೇಡಂ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ಪ್ಯಾರಿಸ್ ಸುತ್ತಲಿನ ಶಾಲೆಗಳಿಗೆ ವಿಜ್ಞಾನ ಕ್ಷೇತ್ರದ ಮಹಿಳೆಯರನ್ನು ಒಂದೇ ಗಂಟೆಯ ಮಟ್ಟಿಗೆ ಕಳುಹಿಸಿ ನೋಡಿದಾಗ, ಹನ್ನೆರಡನೆಯ ತರಗತಿಯ ಹುಡುಗಿಯರಲ್ಲಿ ಆಯ್ಕೆ ಕಠಿಣವಾಗಿರುವ ವಿಜ್ಞಾನ ಕೋರ್ಸುಗಳಿಗೆ ಸೇರುವವರ ಪ್ರಮಾಣ ಶೇ 11ರಿಂದ ಶೇ 14.5ಕ್ಕೆ ಏರಿತು. ಆ ಹುಡುಗಿಯರು ಕೋರ್ಸು ಆಯ್ದುಕೊಳ್ಳುವ ಹೊಸ್ತಿಲಲ್ಲಿ ಇದ್ದರೆಂಬುದನ್ನು ಗಮನಿಸಬೇಕು. ಅದರಲ್ಲೂ ಹೆಚ್ಚು ಪರಿಣಾಮ ಬೀರಿದ್ದು ಉದ್ಯೋಗದ ಅವಕಾಶಗಳನ್ನು ವಿವರಿಸಿದ ಮಾತುಗಳೇ ಹೊರತು, ವಿಜ್ಞಾನದಲ್ಲಿ ಹೆಂಗಸರು ಕಡಿಮೆಯೆಂದು ಒತ್ತಿ ಒತ್ತಿ ಹೇಳಿದ ಮಾತುಗಳಲ್ಲ. ಆದ್ದರಿಂದ, ಸರ್, ವಿಜ್ಞಾನ ದಿನದ ಒಂದು ಕಾರ್ಯಕ್ರಮ ಮಾಡಿ, ಪಿಯು ಅರ್ಜಿ ಕೊಡುವ ದಿನಗಳಲ್ಲಿ ಇನ್ನೊಮ್ಮೆ ಮಾಡಿ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದರೆ ಎರಡನೆಯದನ್ನು ಮಾಡಿ.

ನನ್ನ ಕಾಲೇಜಿನ ಚಿತ್ರ ನಿಮ್ಮ ಶಾಲೆಯದಕ್ಕಿಂತ ಬೇರೆ. ಇಲ್ಲಿ ಬಿ.ಎಸ್ಸಿ. ತರಗತಿಗಳ ತುಂಬ ಹುಡುಗಿಯರೇ ಇದ್ದಾರೆ. ದೇಶದ ಉನ್ನತ ಶಿಕ್ಷಣದ 2021–22ರ ಸಮೀಕ್ಷೆಯಲ್ಲೂ ವಿಜ್ಞಾನ ವಿಭಾಗದ 57.2 ಲಕ್ಷ ವಿದ್ಯಾರ್ಥಿಗಳ ಪೈಕಿ 29.8 ಲಕ್ಷ ಮಂದಿ ಹುಡುಗಿಯರು. ಆದರೆ 2018ರ ಲೆಕ್ಕದಂತೆ ದೇಶದಲ್ಲಿ ಸಂಶೋಧನಾ ಕೆಲಸದಲ್ಲಿ ನೇರವಾಗಿ ತೊಡಗಿರುವವರಲ್ಲಿ ಮಹಿಳೆಯರು ಶೇ 16.6 ಮಾತ್ರ. ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಮದುವೆಯ ಮಾತು ಬರುತ್ತದೆ, ಆಮೇಲೆ ಬಿ.ಎಡ್. ಸಾಕೆನ್ನಿಸುತ್ತದೆ. ಈ ಹುಡುಗಿಯರಿಗೆ ಬೇಕಾದ ಮಾದರಿ ಹದಿನಾರನೆಯ ವಯಸ್ಸಿನ ಜಾಣೆಯಲ್ಲ, ಮಗುವಾದ ಮೇಲೆ ಪ್ರಯೋಗಾಲಯಕ್ಕೆ ಮರಳಿದ ಮೂವತ್ತೈದರ ಹೆಂಗಸು. ಅಂಥವರಿಗಾಗಿಯೇ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ಯೋಜನೆಗಳಿವೆ, ಅವುಗಳ ನೆರವಿನಿಂದ ಮರಳಿದ ಒಬ್ಬರನ್ನು ಕರೆಸಿದ್ದೆವು. ಸಭೆ ಮುಗಿದ ಮೇಲೆ ಹುಡುಗಿಯರು ಅವರನ್ನು ಬಿಟ್ಟುಕೊಡಲಿಲ್ಲ.

ಚಿತ್ರ ಆರಿಸುವಾಗ ಒಂದು ಎಚ್ಚರಿಕೆ ಇರಲಿ. 2014ರ ಸೆಪ್ಟೆಂಬರಿನಲ್ಲಿ ಮಂಗಳಯಾನ ಕಕ್ಷೆ ಸೇರಿದ ದಿನ ರೇಷ್ಮೆ ಸೀರೆಯುಟ್ಟ ಮಹಿಳೆಯರು ಸಂಭ್ರಮಿಸುತ್ತಿದ್ದ ಚಿತ್ರವನ್ನು ವಿಜ್ಞಾನಿಗಳದೆಂದು ಬಹಳ ಶಾಲೆಗಳು ಹಾಕಿಕೊಂಡಿವೆ. ಅವರು ಆಡಳಿತ ವಿಭಾಗದ ಸಿಬ್ಬಂದಿಯೆಂದು ಇಸ್ರೊ ಆಮೇಲೆ ತಿಳಿಸಿತು. ಆ ಯಾನದಲ್ಲಿ ದುಡಿದ ರಿತು ಕರಿಧಾಲ್, ನಂದಿನಿ ಹರಿನಾಥ್, ಚಂದ್ರಯಾನ-2ರ ಯೋಜನಾ ನಿರ್ದೇಶಕಿಯಾಗಿದ್ದ ಎಂ. ವನಿತಾ, ಸೂರ್ಯನ ಅಧ್ಯಯನಕ್ಕೆ ಕಳುಹಿಸಿದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿಯಾಗಿದ್ದ ನಿಗಾರ್ ಶಾಜಿ ಇವರ ಚಿತ್ರಗಳೇ ಸಿಗುವಾಗ ಅದನ್ನು ಹಾಕುವ ಅಗತ್ಯವಿಲ್ಲ. ನಮ್ಮ ರಾಜ್ಯದವರೇ ಬೇಕೆಂದರೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮಿಶಿಗನ್‌ನಲ್ಲಿ ಉನ್ನತ ಶಿಕ್ಷಣ ಮುಗಿಸಿ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೊವೇವ್ ಮತ್ತು ಆಂಟೆನಾ ಕಲಿಸಿದ ರಾಜೇಶ್ವರಿ ಚಟರ್ಜಿಯವರಿದ್ದಾರೆ.

ಪಿಯು ಭೌತಶಾಸ್ತ್ರ ಉಪನ್ಯಾಸಕ, ಚಳ್ಳಕೆರೆ

ಕರೆಸುವ ಮುನ್ನ ಒಂದು ಚಟುವಟಿಕೆ ಮಾಡಿಸಿ. ಮಕ್ಕಳಿಗೆ ಏನನ್ನೂ ವಿವರಿಸದೆ ವಿಜ್ಞಾನಿಯ ಚಿತ್ರ ಬಿಡಿಸಲು ಹೇಳಿ. 1983ರಲ್ಲಿ ಪ್ರಕಟವಾದ ಚೇಂಬರ್ಸ್ ಎಂಬವರ ಅಧ್ಯಯನದಲ್ಲಿ 4,807 ಮಕ್ಕಳ ಪೈಕಿ ಹೆಂಗಸನ್ನು ಬಿಡಿಸಿದವರು 28 ಮಂದಿ, ಆ 28 ಮಂದಿಯೂ ಹುಡುಗಿಯರು. ನನ್ನ ತರಗತಿಯಲ್ಲಿ ಇದನ್ನು ಮಾಡಿಸಿದಾಗ ಹುಡುಗರ ಹಾಳೆಗಳಲ್ಲಿ ಗಡ್ಡ, ಕನ್ನಡಕ, ಹೊಗೆಯಾಡುವ ಸೀಸೆ ಬಿಟ್ಟರೆ ಬೇರೆ ಏನೂ ಬಂದಿರಲಿಲ್ಲ. ಇದನ್ನು ಹುಡುಗಿಯರ ಕಾರ್ಯಕ್ರಮವೆಂದು ಕರೆದು ಹುಡುಗರನ್ನು ಆಟಕ್ಕೆ ಬಿಡಬೇಡಿ, ಅವರೂ ಕುಳಿತು ಕೇಳಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಅತಿಥಿ ಹೋದ ಮರುದಿನದ ಪ್ರಾಕ್ಟಿಕಲ್ ತರಗತಿಯನ್ನು ಗಮನಿಸಿ. ಹುಡುಗ–ಹುಡುಗಿಯರ ಮಿಶ್ರ ತಂಡ ಮಾಡಿದರೆ ವೈರು ಜೋಡಿಸುವವನು, ಮೀಟರ್ ಓದುವವನು ಹುಡುಗ, ಅಂದವಾಗಿ ಕೋಷ್ಟಕ ಬರೆಯುವವಳು ಹುಡುಗಿ. ರೆಕಾರ್ಡ್ ಪುಸ್ತಕಕ್ಕೆ ಅಂಕ ಬರುವುದರಿಂದ ಹುಡುಗಿಯ ಅಂಕ ಹೆಚ್ಚೇ ಇರುತ್ತದೆ, ಉಪಕರಣ ಮುಟ್ಟಿದ ಕೈ ಮಾತ್ರ ಅವಳದಲ್ಲ. ನಾನು ಪ್ರತಿ ಪ್ರಯೋಗಕ್ಕೆ ಕೆಲಸ ಬದಲಿಸುವ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದೇನೆ. ಮೊದಲು ಗೊಣಗಾಟ ಹುಡುಗರಿಂದ ಬರಲಿಲ್ಲ, ತಪ್ಪಾದೀತೆಂಬ ಭಯದಿಂದ ಹುಡುಗಿಯರೇ ಹಿಂದೆ ಸರಿದರು. ಒಂದೆರಡು ಫ್ಯೂಸ್ ಹೋದ ಮೇಲೆ ಆ ಭಯವೂ ಹೋಯಿತು.

ನೀವು ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯುವ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿ, ಸರ್. ಮೇಲೆ ಮುಖ್ಯ ಶಿಕ್ಷಕಿಯವರು ಬರೆದಿರುವ, ಕಮಲಾ ಅವರನ್ನು ಬಾಗಿಲಲ್ಲಿ ನಿಲ್ಲಿಸಿದ ಸಂಸ್ಥೆಯ ಎರಡನೆಯ ಆವರಣ ಈಗ ನಮ್ಮ ನಾಯಕನಹಟ್ಟಿಯ ಪಕ್ಕದಲ್ಲಿದೆ. ನಮ್ಮ ಜಿಲ್ಲೆಯ ಶಿಕ್ಷಕಿಯರು ಅಲ್ಲಿ ಉಪಕರಣ ಬಿಚ್ಚಿ ಜೋಡಿಸುವುದನ್ನು ಕಲಿತು ಬರುತ್ತಿದ್ದಾರೆ. ಮಾದರಿ ಬೇಕೆಂದರೆ ಅವರಲ್ಲೊಬ್ಬರನ್ನು ನಿಮ್ಮ ಶಾಲೆಗೆ ಒಂದು ದಿನ ಕರೆಸಬಹುದು.

ಕೋರಿಕೆ ಇಟ್ಟ ಶಿಕ್ಷಕ, ಹೊಸದುರ್ಗ ತಾಲ್ಲೂಕು

ಎಲ್ಲರಿಗೂ ಧನ್ಯವಾದಗಳು. ಶಾಲು ಮತ್ತು ಹಣ್ಣಿನ ಬುಟ್ಟಿಗೆಂದು ತೆಗೆದಿರಿಸಿದ್ದ ಹಣದಲ್ಲಿ ತಾಯಂದಿರಿಗೆ ಚಹಾ ಮತ್ತು ಮಂಡಕ್ಕಿ ಕೊಡಲು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಒಪ್ಪಿದ್ದಾರೆ. ನಮ್ಮ ಶಾಲೆಯಲ್ಲಿ ಓದಿ ಈಗ ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿರುವ ಇಬ್ಬರು ಹುಡುಗಿಯರು ಬರುವುದಾಗಿ ಹೇಳಿದ್ದಾರೆ. ಎಂಜಿನಿಯರ್ ಮೇಡಂ, ಪಿಯು ಅರ್ಜಿಯ ದಿನಗಳಲ್ಲಿ ತಾವು ಒಮ್ಮೆ ಹೊಸದುರ್ಗಕ್ಕೆ ಬರಲು ಸಾಧ್ಯವೇ? ಡಿಪ್ಲೊಮಾ ಮತ್ತು ಡಿಸಿಇಟಿಯ ವಿವರವನ್ನು ನಿಮ್ಮ ಬಾಯಿಂದಲೇ ಕೇಳಿಸಬೇಕೆಂದಿದ್ದೇನೆ. ಹಾಗೆಯೇ, ಚಿತ್ರದುರ್ಗದಲ್ಲಿ ವಿಜ್ಞಾನ ಓದುವ ಹುಡುಗಿಯರಿಗೆ ಯಾವ ಯಾವ ಸರ್ಕಾರಿ ಹಾಸ್ಟೆಲುಗಳಿವೆ, ಅರ್ಜಿಗೆ ಯಾವ ದಾಖಲೆಗಳು ಬೇಕು ಎಂಬುದನ್ನು ಈಚೆಗೆ ಮಗಳನ್ನು ಸೇರಿಸಿದ ಯಾರಾದರೂ ಬರೆದರೆ, ತಾಯಂದಿರ ಸಭೆಗೆ ಮುನ್ನ ಅದನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಇಟ್ಟುಕೊಳ್ಳುತ್ತೇನೆ.