ಲಿಮೆರಿಕ್‌ನಲ್ಲಿ ನೋಡೋಕೆ ಏನಿದೆ? ಹೋಗಿಬಂದವರು ಹೇಳಿ

ಪ್ರಶ್ನೆ: ಮಗಳು ಐರ್ಲೆಂಡ್‌ನ ಲಿಮೆರಿಕ್‌ನಲ್ಲಿ ಓದುತ್ತಿದ್ದಾಳೆ. ಬೇಸಿಗೆಯಲ್ಲಿ ನಾನು, ನಮ್ಮ ಮನೆಯವರು ಹೋಗುತ್ತಿದ್ದೇವೆ. ಕೇಳಿದವರೆಲ್ಲ "ಅಲ್ಲೇನೂ ಇಲ್ಲ ಸರ್, ಕ್ಲಿಫ್ಸ್ ಆಫ್ ಮೊಹರ್ ಬಸ್ ಹತ್ತಿಬಿಡಿ" ಅನ್ನುತ್ತಾರೆ, ಸಮುದ್ರದಂಚಿನ ಕಡಿದಾದ ಬಂಡೆಗಳಂತೆ. ನನಗೆ ಕೋಟೆ, ಹಳೇ ಊರು ಅಂದರೆ ಇಷ್ಟ. ಮನೆಯವರಿಗೆ ಮಂಡಿನೋವು. ಗೊತ್ತಿದ್ದವರು ತಿಳಿಸಿ.

ಲಿಮೆರಿಕ್‌ನಲ್ಲಿ ಓದಿದವಳು: ಏನೂ ಇಲ್ಲ ಅಂದವರು ಬಸ್ ಸ್ಟ್ಯಾಂಡ್ ದಾಟಿ ಹೋಗಿರಲಿಕ್ಕಿಲ್ಲ ಸರ್! ಹಳೇ ಊರು ಇರುವುದು ಕಿಂಗ್ಸ್ ಐಲೆಂಡ್ ಅನ್ನುವ ದ್ವೀಪದಲ್ಲಿ. ಒಂದು ಕಡೆ ಶ್ಯಾನನ್ ನದಿ, ಇನ್ನೊಂದು ಕಡೆ ಅದರದೇ ಕವಲು, ಆ್ಯಬಿ ನದಿ. ಸಮುದ್ರದ ಉಬ್ಬರ ಇಲ್ಲಿಯವರೆಗೂ ಬರುತ್ತದೆ. 922ರಲ್ಲಿ ವೈಕಿಂಗರು ಹಡಗಿನಲ್ಲಿ ಬಂದು ಇಲ್ಲೇ ನೆಲೆ ನಿಂತರು.

ಮೊದಲು ಕಿಂಗ್ ಜಾನ್ಸ್ ಕ್ಯಾಸಲ್‌ಗೆ ಹೋಗಿ. 1200ರ ಸುಮಾರಿಗೆ ಕಟ್ಟಲು ಶುರು ಮಾಡಿದ ಕೋಟೆ, ನದಿಗೆ ಅಂಟಿಕೊಂಡೇ ನಿಂತಿದೆ. ಎಲ್ಲರೂ ಬುರುಜು ಹತ್ತಿ ಫೋಟೋ ತೆಗೆದು ಬಂದುಬಿಡುತ್ತಾರೆ. ಅಸಲು ವಿಷಯ ಇರೋದು ಕೆಳಗೆ. 1642ರಲ್ಲಿ ಕೋಟೆಗೆ ಮುತ್ತಿಗೆ ಹಾಕಿದವರು ಗೋಡೆಯ ಬುಡಕ್ಕೆ ಸುರಂಗ ತೋಡಿದರು. ಸುರಂಗಕ್ಕೆ ಮರದ ಆಸರೆ ಕೊಡುವುದು, ಆಮೇಲೆ ಆ ಮರಕ್ಕೆ ಬೆಂಕಿ ಹಚ್ಚುವುದು. ಮರ ಸುಟ್ಟರೆ ಮೇಲಿನ ಗೋಡೆ ತಾನಾಗೇ ಕುಸಿಯುತ್ತದೆ. ಒಳಗಿದ್ದವರು ಸುಮ್ನೆ ಕೂರಲಿಲ್ಲ, ಎದುರು ಸುರಂಗ ತೋಡಿದರು. ಉತ್ಖನನದಲ್ಲಿ ಸಿಕ್ಕ ಆ ಜಾಗವನ್ನು ಹಾಗೇ ಉಳಿಸಿದ್ದಾರೆ. ಬುರುಜಿನ ಮೆಟ್ಟಿಲು ಮಾತ್ರ ಆಂಟಿಗೆ ಬೇಡ.

ಡಬ್ಲಿನ್‌ನಿಂದ: ಕೋಟೆಯಿಂದ ಕೆಲವೇ ನಿಮಿಷದ ನಡಿಗೆ ಸೇಂಟ್ ಮೇರೀಸ್ ಕ್ಯಾಥೆಡ್ರಲ್. ನನ್ನ ಮಟ್ಟಿಗೆ ಕೋಟೆಗಿಂತ ಇದೇ ಮೇಲು. 1168ರಲ್ಲಿ ಈ ಸೀಮೆಯ ಥಾಮಂಡ್ ರಾಜ್ಯದ ರಾಜ ಡೋನಲ್ ಮೋರ್ ಓಬ್ರಿಯನ್ ತನ್ನ ಅರಮನೆಯ ಜಾಗವನ್ನೇ ಚರ್ಚಿಗೆ ಕೊಟ್ಟ. ಒಳಗೆ ಓಕ್ ಮರದ ಹಳೇ ಆಸನಗಳಿವೆ. ಆಸನದ ಹಲಗೆ ಮೇಲಕ್ಕೆ ಮಡಚಿದರೆ ಅಡಿಯಲ್ಲಿ ಒಂದು ಚಿಕ್ಕ ಅಂಚು. ಗಂಟೆಗಟ್ಟಲೆ ನಿಂತು ಪ್ರಾರ್ಥಿಸುವ ಪಾದ್ರಿಗಳು ನಿಂತಂತೆ ಕಾಣುತ್ತಲೇ ಅದರ ಮೇಲೆ ಒರಗುತ್ತಿದ್ದರು. ಜಾಣರು! ಆ ಅಂಚಿನ ಕೆಳಗೆ ಕಾಡುಹಂದಿ, ಹಂಸ, ಹದ್ದಿನ ತಲೆಯ ಸಿಂಹ ಹೀಗೆ ಕೆತ್ತನೆ. 15ನೇ ಶತಮಾನದ ಕೆಲಸ. ಬಗ್ಗಿ ನೋಡಬೇಕು, ಇಲ್ಲಾಂದ್ರೆ ಕಣ್ಣಿಗೇ ಬೀಳಲ್ಲ. 1691ರ ಮುತ್ತಿಗೆಯ ಫಿರಂಗಿ ಗುಂಡುಗಳೂ ಇಲ್ಲೇ ಇವೆ.

ಮೈಸೂರಿನವನು: ಆ ಮುತ್ತಿಗೆ ಕಥೆ ಗೊತ್ತಿದ್ದು ಹೋದರೆ ಚೆನ್ನ. 1690ರಲ್ಲಿ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ದೊರೆ ವಿಲಿಯಂ ಖುದ್ದು ದಂಡು ತಂದ. ಅವನ ಫಿರಂಗಿ, ಮದ್ದುಗುಂಡು ದಾರಿಯಲ್ಲಿರುವಾಗಲೇ ಊರು ಕಾಯುತ್ತಿದ್ದ ಐರಿಷ್ ಕ್ಯಾಥೊಲಿಕ್ ಪಡೆಯ ನಾಯಕ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್ ಬ್ಯಾಲಿನೀಟಿ ಅನ್ನುವಲ್ಲಿ ರಾತ್ರಿ ದಾಳಿ ಮಾಡಿ ಉಡಾಯಿಸಿದ. ಊರು ಆ ವರ್ಷ ಬಗ್ಗಲಿಲ್ಲ. ಮರುವರ್ಷ ಬಗ್ಗಲೇಬೇಕಾಯಿತು. 1691ರ ಅಕ್ಟೋಬರ್ 3ರಂದು ಒಪ್ಪಂದ. ಸಾರ್ಸ್‌ಫೀಲ್ಡ್ ಜೊತೆ ಸಾವಿರಾರು ಸೈನಿಕರು ಫ್ರಾನ್ಸ್‌ಗೆ ಹೋದರು. ಉಳಿದ ಕ್ಯಾಥೊಲಿಕರಿಗೆ ಕೊಟ್ಟ ಮಾತು ಉಳಿಯಲಿಲ್ಲ, ಅವರ ಹಕ್ಕುಗಳನ್ನು ಕಾನೂನು ಮಾಡಿಯೇ ಕಿತ್ತುಕೊಂಡರು.

ಒಪ್ಪಂದಕ್ಕೆ ಸಹಿ ಬಿದ್ದಿದ್ದು ಒಂದು ಸುಣ್ಣಕಲ್ಲಿನ ಮೇಲೆ ಅಂತ ಊರವರು ಹೇಳುತ್ತಾರೆ. ಥಾಮಂಡ್ ಸೇತುವೆ ದಾಟಿದರೆ ಆಚೆ ದಡದಲ್ಲೇ ಇದೆ. ಜನ ನೆನಪಿಗೆ ಅಂತ ಚೂರು ಚೂರು ಒಡೆದುಕೊಂಡು ಹೋಗುತ್ತಿದ್ದರಂತೆ. 1865ರಲ್ಲಿ ಎತ್ತರದ ಪೀಠದ ಮೇಲೆ ಕೂರಿಸಿದರು. ಕಲ್ಲು ನೋಡೋಕೆ ಏನೂ ಇಲ್ಲ, ಆದರೆ ಕೋಟೆಯ ಫೋಟೋಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಕೆಳಗಿನ ಸಾರ್ಸ್‌ಫೀಲ್ಡ್ ಸೇತುವೆ 1835ರದ್ದು. ಅದರ ಮೊದಲ ಹೆಸರು ವೆಲ್ಲೆಸ್ಲಿ ಸೇತುವೆ! ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಗೂ ಅದೇ ಹೆಸರು ಅಲ್ವಾ? ವ್ಯಕ್ತಿಯೂ ಅವನೇ, ರಿಚರ್ಡ್ ವೆಲ್ಲೆಸ್ಲಿ. ಟಿಪ್ಪು ಬಿದ್ದಾಗ ಇಲ್ಲಿ ಗವರ್ನರ್ ಜನರಲ್, ಮುಂದೆ ಐರ್ಲೆಂಡಿಗೆ ವೈಸ್‌ರಾಯ್. ಅಲ್ಲಿಯವರು ಹೆಸರು ಬದಲಿಸಿ ತಮ್ಮವನದ್ದು ಇಟ್ಟುಕೊಂಡರು. ಸರಿಯಾಗೇ ಮಾಡಿದರು.

ಲಿಮೆರಿಕ್‌ನಲ್ಲಿ ಓದಿದವಳು: ಆ ಕಲ್ಲಿನ ಕಡೆ ದಡದಲ್ಲಿ ನಡೆಯುವಾಗ ಇಳಿತದ ಹೊತ್ತು ನೋಡಿಕೊಳ್ಳಿ. ನೀರು ಇಳಿದರೆ ಕರಗವರ್ ಅನ್ನುವ ಕಡೆ ಬಂಡೆಗಳ ಮೇಲೆ ನದಿ ಭೋರ್ಗರೆಯುತ್ತದೆ. ಉಬ್ಬರ ಬಂತೋ, ಬಂಡೆಗಳೆಲ್ಲ ಮುಳುಗಿ ಕೆರೆ ಥರ ಆಗಿಬಿಡುತ್ತದೆ.

ಕಾರ್ಕ್‌ನಿಂದ: ಮಳೆ ಬಂದೇ ಬರುತ್ತೆ. ಆಗ ಹಂಟ್ ಮ್ಯೂಸಿಯಂಗೆ ಹೋಗಿ, ಹಳೇ ಕಸ್ಟಮ್ಸ್ ಕಚೇರಿ ಕಟ್ಟಡ. ಡ್ರಾಯರ್‌ಗಳನ್ನು ನೀವೇ ಎಳೆದು ಒಳಗಿರೋದನ್ನು ನೋಡಬಹುದು. ಶನಿವಾರ ಬೆಳಿಗ್ಗೆ ಮಿಲ್ಕ್ ಮಾರ್ಕೆಟ್ ತಪ್ಪಿಸಬೇಡಿ. ಬ್ರೆಡ್ಡು, ಚೀಸು, ತರಕಾರಿ ಎಲ್ಲ ಇರುತ್ತೆ, ಮೇಲೆ ಚಾವಣಿಯೂ ಇದೆ. ನ್ಯೂಟೌನ್ ಪೆರಿ ಅನ್ನುವ ಬಡಾವಣೆಯ ಇಟ್ಟಿಗೆ ಮನೆಗಳ ಬೀದಿಗಳು ಅಲ್ಲಿಂದ ದೂರ ಇಲ್ಲ. ರಸ್ತೆ ನೇರ, ಮಂಡಿಗೆ ತೊಂದರೆ ಇಲ್ಲ.

ಡಬ್ಲಿನ್‌ನಿಂದ ರೈಲಿನಲ್ಲಿ ಬರುವುದಾದರೆ ಒಂದು ಮಾತು. ಲಿಮೆರಿಕ್ ಜಂಕ್ಷನ್ ಅಂತ ಬೋರ್ಡ್ ಕಂಡ ಕೂಡಲೇ ಊರು ಬಂತು ಅಂತ ಸಾಮಾನು ಹೊತ್ತು ಆಚೆ ನಡೆಯಬೇಡಿ. ಅದು ಪಕ್ಕದ ಟಿಪರೇರಿ ಜಿಲ್ಲೆ. ಬಹಳಷ್ಟು ಸಲ ಅಲ್ಲಿ ರೈಲು ಬದಲಿಸಬೇಕು. ಲಿಮೆರಿಕ್ ಊರಿನ ನಿಲ್ದಾಣದ ಹೆಸರು ಕೋಲ್ಬರ್ಟ್.