ಸೋಯಾ ಕಾಳಿನ ಸಕ್ಕರೆ: ನೂರಾರು ಸಾಲುಗಳನ್ನು ಬೇಗ ಜರಡಿ ಹಿಡಿಯುವುದು ಹೇಗೆ?

ಪ್ರಶ್ನೆ: ಸರ್, ಸುಕ್ರೋಸ್ ಹೆಚ್ಚಿರುವ ಸೋಯಾಬೀನ್ ತಳಿಗಾಗಿ ಸಂಕರಣ ಮಾಡಿದ್ದೇವೆ. ಈಗ ನೂರಾರು ಸಾಲುಗಳಿವೆ (ಸಂಕರಣದಿಂದ ಬಂದ ಬೇರೆ ಬೇರೆ ವಂಶಗಳು). ಎಲ್ಲವನ್ನೂ ಎಚ್‌ಪಿಎಲ್‌ಸಿಗೆ (ಪ್ರತಿ ಸಕ್ಕರೆಯನ್ನೂ ಬೇರ್ಪಡಿಸಿ ಅಳೆಯುವ ಪ್ರಯೋಗಾಲಯ ಪರೀಕ್ಷೆ) ಕೊಟ್ಟರೆ ಫಲಿತಾಂಶ ಬರುವಷ್ಟರಲ್ಲಿ ಬಿತ್ತನೆಯ ಕಾಲ ಮುಗಿದಿರುತ್ತದೆ. ಹಿಟ್ಟನ್ನು ನೀರಿನಲ್ಲಿ ಕದಡಿ ಬ್ರಿಕ್ಸ್ ಮಾಪಕದಲ್ಲಿ (ರಸದ ಸಿಹಿ ಅಂದಾಜಿಸುವ ಉಪಕರಣ) ನೋಡಿದರೆ ಸಾಲದೇ?

ಉತ್ತರ: ಸಾಲದು. ನೀರಿನಲ್ಲಿ ಕರಗಿದ್ದೆಲ್ಲವೂ ಆ ಮಾಪಕದ ಲೆಕ್ಕಕ್ಕೆ ಬರುತ್ತದೆ. ಸೋಯಾ ಕಾಳಿನಲ್ಲಿ ಸುಮಾರು ಶೇ 40ರಷ್ಟು ಪ್ರೋಟೀನೇ ಇರುವುದರಿಂದ, ನೀವು ಸಿಹಿಯೆಂದು ಆರಿಸಿದ್ದು ಬರೀ ಪ್ರೋಟೀನ್ ಆಗಿರಬಹುದು.

ಮಧುಮೇಹಿಗಳು ಬಳಸುವ ಗ್ಲುಕೋಮೀಟರ್ ಇದಕ್ಕಿಂತ ಎಷ್ಟೋ ವಾಸಿ. ಹಿಟ್ಟಿನ ಕಷಾಯವನ್ನು ಬಿಸಿ ಮಾಡಿ ಕಾಳಿನದೇ ಕಿಣ್ವಗಳನ್ನು ಕೊಲ್ಲಿ, ತಣಿಸಿ, ತಿಳಿಯನ್ನು ಬಸಿದು ಇನ್ವರ್ಟೇಸ್ ಎಂಬ ಕಿಣ್ವ ಹಾಕಿ. ಸುಕ್ರೋಸ್ ಒಡೆದು ಗ್ಲೂಕೋಸ್ ಹೊರಬರುತ್ತದೆ. ಒಂದು ಹನಿಯನ್ನು ಮೀಟರಿನ ಪರೀಕ್ಷಾ ಪಟ್ಟಿಗೆ ಮುಟ್ಟಿಸಿದರಾಯಿತು. 1 ಗ್ರಾಂ ಹಿಟ್ಟಿನಲ್ಲಿ ಶೇ 5ರಷ್ಟು ಸುಕ್ರೋಸ್ ಇದ್ದು, ಕಷಾಯದ ಒಟ್ಟು ಗಾತ್ರ 10 ಮಿಲಿಲೀಟರ್ ಆದರೆ, ಡೆಸಿಲೀಟರ್‌ಗೆ ಸುಮಾರು 263 ಮಿಲಿಗ್ರಾಂ ಗ್ಲೂಕೋಸ್ ಸಿಗಬೇಕು. ಮೀಟರು ಸಲೀಸಾಗಿ ಅಳೆಯುವ ಮಟ್ಟವಿದು. ಆದರೆ ಅದನ್ನು ರಕ್ತಕ್ಕೆಂದು ಹೊಂದಿಸಿರುತ್ತಾರೆ; ತೋರಿಸಿದ ಅಂಕಿಯನ್ನು ಹಾಗೆಯೇ ಬರೆದುಕೊಳ್ಳಬೇಡಿ. ಪ್ರಮಾಣ ಗೊತ್ತಿರುವ ಸುಕ್ರೋಸ್ ದ್ರಾವಣಗಳನ್ನು ಇದೇ ಕ್ರಮದಲ್ಲಿ ಅಳೆದು ಹೋಲಿಕೆಯ ಗೆರೆ ಎಳೆಯಿರಿ. ಕಿಣ್ವ ಹಾಕದ ಮಾದರಿಯ ಅಂಕಿಯನ್ನು ಕಳೆಯುವುದನ್ನೂ ಮರೆಯಬೇಡಿ.

ಮರುಪ್ರಶ್ನೆ: ಇನ್ವರ್ಟೇಸ್ ಸೋಯಾ ಕಾಳಿನ ಬೇರೆ ಸಕ್ಕರೆಗಳಾದ ರಾಫಿನೋಸ್, ಸ್ಟ್ಯಾಕಿಯೋಸ್‌ಗಳನ್ನೂ ಒಡೆಯುತ್ತದಲ್ಲ, ಲೆಕ್ಕ ತಪ್ಪುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಒಡೆಯುವುದು ನಿಜ, ಆದರೆ ಹೊರಬರುವುದು ಫ್ರಕ್ಟೋಸ್; ಗ್ಲೂಕೋಸ್ ಗ್ಯಾಲಕ್ಟೋಸ್‌ಗೆ ಅಂಟಿಕೊಂಡೇ ಉಳಿಯುತ್ತದೆ. ಹೀಗಾಗಿ ಮೀಟರಿಗೆ ಸಿಗುವುದು ಸುಕ್ರೋಸಿನ ಪಾಲು. ಹೊಟ್ಟೆಯುಬ್ಬರ ತರುವ ಆ ಎರಡು ಸಕ್ಕರೆಗಳ ಅಂದಾಜೂ ಬೇಕಿದ್ದರೆ, ಇನ್ನೊಂದು ಪಾಲಿಗೆ ಗ್ಯಾಲಕ್ಟೋಸನ್ನು ಬಿಡಿಸುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಕಿಣ್ವವನ್ನೂ ಸೇರಿಸಿ, ಅಂಕಿಗಳ ವ್ಯತ್ಯಾಸ ನೋಡಿ. ಆಗ ಗ್ಯಾಲಕ್ಟೋಸಿಗೂ ಸ್ಪಂದಿಸುವ ಪಟ್ಟಿಗಳು ಕೆಲಸ ಕೆಡಿಸುತ್ತವೆ; ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಇರುವ ಪಟ್ಟಿಯನ್ನೇ ಆರಿಸಿ.

ಮತ್ತೊಬ್ಬರು: ನಮ್ಮಲ್ಲಿ ಪ್ರತಿ ಗಿಡಕ್ಕೆ ಸಿಗುವ ಕಾಳೇ ಕಡಿಮೆ. ಅರೆದುಬಿಟ್ಟರೆ ಬಿತ್ತುವುದೇನು?

ಉತ್ತರ: ಮೊಳಕೆ ಬರುವ ಕಡೆಯನ್ನು ಬಿಟ್ಟು, ಎದುರು ತುದಿಯಿಂದ ಬೇಳೆಯ ಚೂರು ಕೊಯ್ದುಕೊಳ್ಳಿ, ಉಳಿದುದನ್ನು ಬಿತ್ತಿ. ನೀರನ್ನೂ ಅದೇ ಅನುಪಾತದಲ್ಲಿ ಇಳಿಸಬೇಕು. ಎನ್‌ಐಆರ್ ಯಂತ್ರ (ಅವಕೆಂಪು ಬೆಳಕು ಹಾಯಿಸಿ ಅಳೆಯುವಂಥದ್ದು) ಕೈಗೆ ಸಿಗುವಂತಿದ್ದರೆ ಕಾಳನ್ನು ಮುಟ್ಟಬೇಕಾಗಿಯೇ ಇಲ್ಲ, ಆದರೆ ಸಕ್ಕರೆ ಅಳೆಯಲು ಅದಕ್ಕೆ ಎಚ್‌ಪಿಎಲ್‌ಸಿ ಅಂಕಿಗಳಿಂದಲೇ ಪಾಠ ಹೇಳಬೇಕು. ಎಲ್ಲ ಗಿಡಗಳನ್ನೂ ಪೂರ್ತಿ ಬಲಿತ ಮೇಲೆಯೇ ಕೊಯ್ಯಿರಿ: ಸ್ಟ್ಯಾಕಿಯೋಸ್ ತುಂಬಿಕೊಳ್ಳುವುದು ಕಾಳು ಬಲಿಯುವ ಕೊನೆಯ ಹಂತದಲ್ಲಿ, ಎಳೆಯ ಕಾಳು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಹೀಗೆ ಜರಡಿ ಹಿಡಿದು ಆಯ್ದ ಉತ್ತಮ ಸಾಲುಗಳನ್ನಷ್ಟೇ ಎಚ್‌ಪಿಎಲ್‌ಸಿಗೆ ಕಳುಹಿಸಿ.